ಹಂಗಾರಕಟ್ಟೆ ದೋಣಿಯಲ್ಲಿ ಚಲನೆಯ ಪಾಠ

ಗೆಳೆಯರೇ, ಇವತ್ತು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರದ ಚಲನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿಸಿ, ಸಂಜೆ ಹಂಗಾರಕಟ್ಟೆಯಲ್ಲಿ ದೋಣಿ ಹತ್ತಿದೆ. ಬಿಸಿಲು ನೀರಿನ ಮೇಲೆ ಮೆಲ್ಲಗೆ ಕರಗುತ್ತಿತ್ತು. ಅರೆಗಣ್ಣಿನಲ್ಲಿ ನೋಡಿದರೆ ನಾವು ನಿಂತಲ್ಲೇ ಇದ್ದೇವೆ, ಆಚೆ ದಡವೇ ತೆಂಗಿನಮರಗಳನ್ನು ಹೊತ್ತುಕೊಂಡು ನಮ್ಮ ಕಡೆ ತೇಲಿ ಬರುತ್ತಿದೆ.

ಥಟ್ಟನೆ ಎಚ್ಚರವಾಯಿತು. ದೋಣಿಯ ಮೂತಿ ಆಚೆ ದಡದಲ್ಲಿ ನಾವು ಇಳಿಯಬೇಕಾದ ಧಕ್ಕೆಯ ಕಡೆಗಿಲ್ಲ, ಹೊಳೆಯ ಮೇಲ್ಬದಿಯ ಒಂದು ಮಾವಿನಮರದ ಕಡೆಗಿದೆ!

“ಹ್ವಾಯ್, ಧಕ್ಕೆ ಈ ಬದಿಗ್ ಇತ್ತಲೆ! ಎಲ್ಲಿಗ್ ಹೋಪ್ದ್ ನೀವ್?” ಎಂದು ಕೂಗಿದೆ.

ದೋಣಿ ನಡೆಸುವ ಅಣ್ಣ ತಿರುಗಿಯೂ ನೋಡಲಿಲ್ಲ. “ಈಗ ನೀರ್ ಇಳಿತಾ ಇತ್ತ್ ಟೀಚ್ರೆ. ಧಕ್ಕೆಗೇ ಮುಖ ಮಾಡಿರೆ ನಮ್ಮನ್ನ್ ಸಮುದ್ರಕ್ಕ್ ಎಳ್ಕಂಡ್ ಹೋತ್ತ್.”

ಮಾವಿನಮರಕ್ಕೆ ಗುರಿಯಿಟ್ಟ ದೋಣಿ ನೆಟ್ಟಗೆ ಧಕ್ಕೆಗೇ ಹೋಗಿ ತಾಗಿತು. ಹರಿವ ಹೊಳೆಯನ್ನು ದೋಣಿ ದಾಟುವ ಈ ಲೆಕ್ಕವನ್ನು ನಾನು ಹದಿನಾಲ್ಕು ವರ್ಷದಿಂದ ಬೋರ್ಡಿನ ಮೇಲೆ ಬಿಡಿಸುತ್ತಿದ್ದೇನೆ.

ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಕ್ಕ ನಗುತ್ತ ಕೇಳಿದರು: “ನೀವ್ ಎಂತ ಪಾಠ ಮಾಡುದ್ ಟೀಚ್ರೆ?”

“ಕನ್ನಡ” ಎಂದೆ. ನಮ್ಮ ಕಾಲೇಜಿನ ಕನ್ನಡ ಮೇಡಂ ಇದನ್ನು ಓದಿದರೆ ದಯವಿಟ್ಟು ಕ್ಷಮಿಸಬೇಕು.