ಶಿವದೇವಿ ವಕೀಲರನ್ನು ಹುಡುಕಿದ್ದು

ಶಿವದೇವಿಯನ್ನು ಕೆಲಸದಿಂದ ತೆಗೆದ ಪತ್ರ ಇಂಗ್ಲಿಷಿನಲ್ಲಿತ್ತು. ಮನೆಗೆ ಹೋಗುವ ದಾರಿಯಲ್ಲಿ, ದಿಲ್‌ಸುಖ್‌ನಗರದ ಒಂದು ಮೆಡಿಕಲ್ ಶಾಪಿನವನ ಕೈಗೆ ಕೊಟ್ಟು ಅವಳು ಅದನ್ನು ಓದಿಸಿಕೊಂಡಳು. ನಿಮ್ಮ ನಿರ್ಲಕ್ಷ್ಯದಿಂದ ಒಬ್ಬ ಕೆಲಸಗಾರ್ತಿಯ ಬೆರಳುಗಳು ಹೋಗಿವೆ, ವಿಚಾರಣೆಯಲ್ಲಿ ಅದು ಸಾಬೀತಾಗಿದೆ, ಇವತ್ತಿನಿಂದ ನಿಮಗೆ ಕೆಲಸ ಇಲ್ಲ ಎಂದು ಅವನು ತೆಲುಗಿನಲ್ಲಿ ಹೇಳಿದ. ಪತ್ರ ವಾಪಸು ಕೊಡುವಾಗ ಅವಳ ಮುಖ ನೋಡದೆ ಬೇರೆ ಗಿರಾಕಿಯ ಕಡೆ ತಿರುಗಿದ.

ಅವಳು ಯಾದಗಿರಿ ಜಿಲ್ಲೆಯ ಶಹಾಪುರದವಳು. ಮದುವೆಯಾದ ವರ್ಷವೇ ಗಂಡ ಅಮರೇಶಪ್ಪನ ಜೊತೆ ಹೈದರಾಬಾದಿಗೆ ಬಂದಿದ್ದಳು. ಅವನಿಗೆ ಸೀರೆ ಅಂಗಡಿಯಲ್ಲಿ ಕೆಲಸ; ಅವಳಿಗೆ ಊರ ಹೊರಗಿನ ಒಂದು ಔಷಧ ಕಾರ್ಖಾನೆಯಲ್ಲಿ, ಮಾತ್ರೆಗಳನ್ನು ಹಾಳೆಯ ಪಟ್ಟಿಗಳಲ್ಲಿ ಒತ್ತಿ ಡಬ್ಬಿಗೆ ತುಂಬುವ ವಿಭಾಗದಲ್ಲಿ ಕೆಲಸ. ಹತ್ತೊಂಬತ್ತು ವರ್ಷ ಅಲ್ಲಿ ದುಡಿದಳು. ಕೊನೆಯ ಎರಡು ವರ್ಷ ಅವಳಿಗೆ ಸೂಪರ್‌ವೈಸರ್ ಎಂಬ ಹೆಸರು ಕೊಟ್ಟು, ನೀಲಿ ಕೋಟಿನ ಬದಲು ಬೂದು ಕೋಟು ತೊಡಿಸಿದ್ದರು. ಅದರ ಹೊರತು ಹೆಚ್ಚೇನೂ ಬದಲಾಗಿರಲಿಲ್ಲ.

ಎರಡು ಸಾವಿರದ ಹದಿನೆಂಟರ ಮಳೆಗಾಲದಲ್ಲಿ ಕಾರ್ಖಾನೆಗೆ ದೊಡ್ಡ ಆರ್ಡರು ಬಂತು. ಪಟ್ಟಿ ಒತ್ತುವ ಯಂತ್ರದ ಬಾಯಿಗೆ ಒಂದು ಮುಚ್ಚಳ ಇರುತ್ತದೆ. ಅದು ತೆರೆದರೆ ಯಂತ್ರ ತಾನೇ ನಿಲ್ಲುತ್ತದೆ. ಪಟ್ಟಿ ಸಿಕ್ಕಿಕೊಂಡಾಗಲೆಲ್ಲ ನಿಲ್ಲಿಸುತ್ತ ಕೂತರೆ ಕೆಲಸ ಸಾಗುವುದಿಲ್ಲವೆಂದು ಮ್ಯಾನೇಜರು ಯಂತ್ರ ನಿಲ್ಲದಂತೆ ಮಾಡಿಸಿ ಆ ಮುಚ್ಚಳವನ್ನೇ ತೆಗೆಸಿದ. ಒಂಬತ್ತನೆಯ ದಿನ ರಶ್ಮಿ ಎಂಬ ಹುಡುಗಿಯ ಬಲಗೈ ಒಳಗೆ ಹೋಯಿತು. ಕರ್ನಾಟಕದ ಗಡಿಗೆ ಹತ್ತಿದ ಜಹೀರಾಬಾದ್ ಕಡೆಯ ಕನ್ನಡದವಳು, ಇಪ್ಪತ್ಮೂರು ವರ್ಷ. ಮೂರು ಬೆರಳು ಹೋದವು.

ಸರ್ಕಾರದ ಅಧಿಕಾರಿ ತಪಾಸಣೆಗೆ ಬಂದಾಗ ಎಲ್ಲರೂ ತಲೆ ತಗ್ಗಿಸಿ ನಿಂತರು. ಶಿವದೇವಿಯೊಬ್ಬಳು ಮುಚ್ಚಳ ತೆಗೆಸಿದವರು ಯಾರೆಂದು ಹೇಳಿಬಿಟ್ಟಳು. ಇಪ್ಪತ್ತು ದಿನಕ್ಕೆ ಅವಳ ಮೇಲೆಯೇ ನೋಟಿಸು ಬಂತು. ವಿಚಾರಣೆಗೆಂದು ಕಾರ್ಖಾನೆಯವರು ನೇಮಿಸಿದ ಒಬ್ಬ ಮನುಷ್ಯ ಮೂರು ಸಲ ಕರೆಸಿ, ಇಂಗ್ಲಿಷಿನಲ್ಲಿ ಏನೇನೋ ಬರೆದುಕೊಂಡು, ಪ್ರತಿ ಹಾಳೆಯ ಕೆಳಗೂ ಸಹಿ ಮಾಡಿಸಿಕೊಂಡ. ಏನು ಬರೆದಿದ್ದೀರಿ ಎಂದು ಕೇಳಿದ್ದಕ್ಕೆ, ನೀವು ಹೇಳಿದ್ದನ್ನೇ ಎಂದ.

ವಕೀಲರನ್ನು ಎಲ್ಲಿ ಹುಡುಕಬೇಕೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿಲ್ಲ. ಬಸವ ಜಯಂತಿಯ ಕಾರ್ಯಕ್ರಮದಲ್ಲಿ ಪರಿಚಯವಾಗಿದ್ದ ಬಸವಕಿರಣ ಎಂಬ ವಕೀಲನ ನೆನಪು ಅಮರೇಶಪ್ಪನಿಗೆ ಬಂತು. ಬೀದರಿನ ಕಡೆಯವನು, ಹಿಮಾಯತ್‌ನಗರದಲ್ಲಿ ಆಫೀಸು. ಇಬ್ಬರೂ ಹೋದರು. ಬಸವಕಿರಣ ಚಹಾ ತರಿಸಿದ, ಊರು ಕೇರಿ ವಿಚಾರಿಸಿದ, ಒಂದು ತಾಸು ಕೂತು ಎಲ್ಲ ಕೇಳಿಸಿಕೊಂಡ. ವರ್ಷಗಟ್ಟಲೆ ಮನೆಯಾಚೆ ಹೆಚ್ಚಾಗಿ ತೆಲುಗು, ಹಿಂದಿಯಲ್ಲೇ ಬದುಕಿದ ಶಿವದೇವಿಗೆ, ತನ್ನ ಸಂಕಟವನ್ನು ತನ್ನ ಮಾತಿನಲ್ಲೇ ಹೇಳಿಕೊಂಡಾಗ ಎದೆಯ ಭಾರ ಅರ್ಧ ಇಳಿದಂತಾಯಿತು.

“ಅಕ್ಕಾರ, ನೀವೇನೂ ಚಿಂತಿ ಮಾಡಬ್ಯಾಡ್ರಿ,” ಎಂದ ಅವನು. “ನಮ್ಮ ಮಂದಿಗೆ ನಾವಲ್ಲದ ಇನ್ಯಾರು ಆಗತಾರ?”

ಅವಳು ವಕಾಲತ್‌ನಾಮಕ್ಕೆ ಸಹಿ ಮಾಡಿದಳು. ಇಂಥ ಕೇಸು ಹಿಂದೆ ನಡೆಸಿದ್ದೀರಾ ಎಂದು ಕೇಳಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಬಸವಕಿರಣ ಮೋಸಗಾರನಲ್ಲ. ಅವನು ಮಾಡುತ್ತಿದ್ದದ್ದು ಹೊಲ, ಮನೆ, ಪಾಲುಪಟ್ಟಿಯ ಕೇಸುಗಳು. ಶಿವದೇವಿಯ ಕೇಸನ್ನೂ ಅದೇ ರೂಢಿಯಲ್ಲಿ ಸಿವಿಲ್ ಕೋರ್ಟಿಗೆ ಹಾಕಿದ. ಕಾರ್ಖಾನೆಯ ವಕೀಲರು ಒಂದರ ಮೇಲೊಂದು ವಾಯಿದೆ ತೆಗೆದುಕೊಂಡು, ಕೊನೆಗೆ ಇದು ಇಲ್ಲಿ ನಡೆಯುವ ವ್ಯಾಜ್ಯವೇ ಅಲ್ಲ, ಲೇಬರ್ ಕೋರ್ಟಿಗೆ ಹೋಗಬೇಕಾದದ್ದು ಎಂದರು. ನ್ಯಾಯಾಧೀಶರು ಒಪ್ಪಿದರು. ಅಷ್ಟರಲ್ಲಿ ಒಂದು ವರ್ಷದ ಮೇಲಾಗಿತ್ತು. ಕೋರ್ಟಿನ ಮೆಟ್ಟಿಲ ಹತ್ತಿರ ಬಸವಕಿರಣ ಬಹಳ ಹೊತ್ತು ಫೈಲನ್ನು ತಿರುವುತ್ತ ನಿಂತ.

“ಲೇಬರ್ ಕೇಸು ನಾ ಮಾಡಿದಾವಲ್ರಿ ಅಕ್ಕಾರ. ಇದನ್ನ ನಾ ಮೊದಲ ಹೇಳಬೇಕಿತ್ತು.”

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತೇನೋ. ಕಾಗದಗಳನ್ನು ಮನೆಗೆ ತಂದು ಟ್ರಂಕಿನೊಳಗಿಟ್ಟಳು. ಆಮೇಲೆ ಲಾಕ್‌ಡೌನ್ ಬಂತು; ಸೀರೆ ಅಂಗಡಿ ಮುಚ್ಚಿತು, ಕೋರ್ಟುಗಳೂ ಮುಚ್ಚಿದವು. ಎಲ್ಲ ತೆರೆದ ಮೇಲೆ ಅವಳು ಕೋಚಿಂಗ್ ವಿದ್ಯಾರ್ಥಿಗಳ ಒಂದು ಹಾಸ್ಟೆಲಿನಲ್ಲಿ ಚಪಾತಿ ಲಟ್ಟಿಸುವ ಕೆಲಸಕ್ಕೆ ಸೇರಿಕೊಂಡಳು. ಕೇಸಿನ ಮಾತನ್ನು ಬಿಟ್ಟೇಬಿಟ್ಟಿದ್ದಳು.

ಅವಳ ಮನೆಯ ಓಣಿಯಲ್ಲೇ ಇದ್ದ ಗದಿಗೆಮ್ಮನ ಗಂಡ ಹಿಂದೆ ಮಿಲ್ಲಿನ ಕೆಲಸ ಹೋದಾಗ ಲೇಬರ್ ಕೋರ್ಟಿನಲ್ಲಿ ಹೋರಾಡಿದ್ದ. ಒಂದು ದಿನ ಗದಿಗೆಮ್ಮ ಅವಳನ್ನು ತಡೆದು ನಿಲ್ಲಿಸಿ ಕೇಸಿನ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡಳು.

“ನಮ್ಮ ಮಾತು ಆಡತಾನ ಅಂತ ವಕೀಲನ್ನ ಹಿಡಿತಾರೇನ? ದಿನಾ ಅದ ಕೋರ್ಟಿನ್ಯಾಗ ನಿಂದರತಾರೋ ಇಲ್ಲೋ ನೋಡಬೇಕು. ನಾಳೆ ನನ್ನ ಜೋಡಿ ಬಾ. ಟೈಮ್ ಮೀರಿದ್ರ ಆ ದೇವರೂ ಏನೂ ಮಾಡಾಕ ಆಗಂಗಿಲ್ಲ.”

ನಾಂಪಲ್ಲಿಯಲ್ಲಿ, ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಲೇಬರ್ ಕೋರ್ಟಿನ ವಕೀಲೆ ಶ್ರೀಲಕ್ಷ್ಮಿಯವರ ಕೋಣೆ. ಐವತ್ತೈದು ದಾಟಿದ ಹೆಂಗಸು, ಕನ್ನಡದ ಒಂದಕ್ಷರ ಬಾರದು. ಚಹಾ ತರಿಸಲಿಲ್ಲ, ಸಮಾಧಾನ ಹೇಳಲಿಲ್ಲ. ಕಾಗದಗಳನ್ನೆಲ್ಲ ಓದಿ, ಕೆಲಸದಿಂದ ತೆಗೆದ ತಾರೀಖನ್ನು ಎರಡು ಸಲ ನೋಡಿ, ಕೇಸು ಹಾಕಲು ಇನ್ನೂ ಅವಧಿ ಇದೆ ಎಂದರು. ತಮ್ಮ ಫೀಸು ಎಷ್ಟು, ಯಾವಾಗ ಎಂದು ಬರೆದುಕೊಟ್ಟರು. ಗೆಲ್ಲುತ್ತೀರಿ ಎಂದು ನಾನು ಹೇಳುವುದಿಲ್ಲ, ನಾಲ್ಕೈದು ವರ್ಷ ಹಿಡಿಯಬಹುದು ಎಂದರು. ಆಮೇಲೆ ಪ್ರಶ್ನೆಗಳು ಶುರುವಾದವು. ನೀವು ಯಾರಿಗಾದರೂ ರಜೆ ಮಂಜೂರು ಮಾಡಬಹುದಿತ್ತೇ? ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳಬಹುದಿತ್ತೇ? ಇಲ್ಲ, ಇಲ್ಲ ಎಂದಳು ಶಿವದೇವಿ. ಹಾಗಾದರೆ ನೀವು ಹೆಸರಿಗೆ ಮಾತ್ರ ಸೂಪರ್‌ವೈಸರ್. ಈ ಕೋರ್ಟು ಕೆಲಸಗಾರರ ಕೇಸನ್ನಷ್ಟೇ ತೆಗೆದುಕೊಳ್ಳುತ್ತದೆ; ನೀವು ಕೆಲಸಗಾರ್ತಿಯೇ ಎಂದು ತೋರಿಸಬೇಕು, ಅದೇ ನಮ್ಮ ಮೊದಲ ಬಾಗಿಲು ಎಂದರು.

“ಯಂತ್ರವನ್ನು ನಿಲ್ಲಿಸುವ ಅಧಿಕಾರ ನಿಮಗಿತ್ತೇ?”

ಶಿವದೇವಿ ಗದಿಗೆಮ್ಮನನ್ನು ಸ್ವಲ್ಪ ಹೊರಗೆ ಇರಲು ಕೇಳಿಕೊಂಡಳು. ಬಾಗಿಲು ಮುಚ್ಚಿದ ಮೇಲೆ, ಗಂಡನಿಗೂ ಹೇಳದ್ದನ್ನು ಪರಭಾಷೆಯಲ್ಲಿ ಆ ಅಪರಿಚಿತ ಹೆಂಗಸಿಗೆ ಹೇಳಿದಳು. ಅಪಘಾತದ ದಿನ ಬೆಳಿಗ್ಗೆ ರಶ್ಮಿ ಬಂದು ತನಗೆ ಭಯವಾಗುತ್ತಿದೆ ಎಂದಿದ್ದಳು. ಇವತ್ತೊಂದು ದಿನ ನೋಡಿಕೊಂಡು ಮಾಡು ಎಂದು ತಾನೇ ಅವಳನ್ನು ಯಂತ್ರದ ಮುಂದೆ ಕಳಿಸಿದ್ದಳು. ನಿಲ್ಲಿಸುವ ಗುಂಡಿ ಎರಡು ಹೆಜ್ಜೆ ದೂರದಲ್ಲಿತ್ತು.

ಶ್ರೀಲಕ್ಷ್ಮಿಯವರು ಪೆನ್ನು ಕೆಳಗಿಟ್ಟರು. ಕೋರ್ಟಿನಲ್ಲಿ ಕೇಳಿದರೆ ಇದನ್ನು ಹೀಗೆಯೇ ಹೇಳಬೇಕು, ಒಂದು ಮಾತೂ ಬದಲಾಯಿಸಬಾರದು. ಒಪ್ಪಿಗೆಯಾದರೆ ಕೇಸು ಹಿಡಿಯುತ್ತೇನೆ ಎಂದರು. ಶಿವದೇವಿ ಒಪ್ಪಿದಳು. ವಕಾಲತ್‌ನಾಮಕ್ಕೆ ಸಹಿ ಹಾಕಿದಳು.

ಕೇಸು ನಡೆಯಿತು. ಜನವರಿಯ ವಾಯಿದೆಗಳಲ್ಲಿ, ನಾಂಪಲ್ಲಿಯ ಮೈದಾನದಲ್ಲಿ ವರ್ಷಕ್ಕೊಮ್ಮೆ ನಡೆಯುವ ಎಕ್ಸಿಬಿಷನ್ನಿಗೆ ಬಂದ ಜನರ ನಡುವೆ ತೂರಿಕೊಂಡು ಹೋಗುವಳು. ಕೆಲವು ದಿನ ಹೆಸರು ಕೂಗುವ ಮೊದಲೇ ಮುಂದಿನ ತಾರೀಖು ಕೊಟ್ಟು ಕಳಿಸುವರು. ಮೂರನೆಯ ವರ್ಷ ಕಾರ್ಖಾನೆಯವರು ತಮ್ಮ ಸಾಕ್ಷಿಯನ್ನು ಕರೆತಂದರು. ಅದು ರಶ್ಮಿ. ಅವಳನ್ನು ಗೇಟಿನ ಹತ್ತಿರ ಕೂತು ಬಂದವರನ್ನು ವಿಚಾರಿಸುವ ಕೆಲಸದಲ್ಲಿ ಇಟ್ಟುಕೊಂಡಿದ್ದರು. ಬಲಗೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ಶಿವದೇವಿ ಹತ್ತಿರ ಹೋದಾಗ ಎದ್ದು ನಿಂತಳು.

“ಅಕ್ಕಾ, ಅವರು ಹೇಳಿದಂಗ ಹೇಳತೀನಿ,” ಎಂದಳು ಮೆಲ್ಲಗೆ. “ಈ ಕೈಗೆ ಬ್ಯಾರೆ ಯಾರು ಕೆಲಸ ಕೊಡತಾರ, ನೀನ ಹೇಳು.”

ಶಿವದೇವಿ ಅವಳ ಭುಜ ಹಿಡಿದು ಮತ್ತೆ ಬೆಂಚಿನ ಮೇಲೆ ಕೂರಿಸಿದಳು.

ಒಳಗೆ ರಶ್ಮಿ, ಭಯ ಅಂತ ಹೇಳಿದರೂ ಶಿವದೇವಿ ತನ್ನನ್ನು ಯಂತ್ರಕ್ಕೆ ಕಳಿಸಿದಳು ಎಂದಳು. ಆ ಮಾತು ಸುಳ್ಳಲ್ಲ; ಅದಕ್ಕೇ ಶಿವದೇವಿಗೆ ತಲೆ ಎತ್ತಲಾಗಲಿಲ್ಲ. ಶ್ರೀಲಕ್ಷ್ಮಿಯವರು ಎದ್ದು, ಈಕೆ ಅದಕ್ಕೂ ಮೊದಲು ಎಂದಾದರೂ ಯಂತ್ರ ನಿಲ್ಲಿಸಿದ್ದುಂಟೇ ಎಂದು ಕೇಳಿದರು. ಒಂದು ಸಲ ನಿಲ್ಲಿಸಿದ್ದಳು ಎಂದಳು ರಶ್ಮಿ. ಆಗ ಏನಾಯಿತು? ರಶ್ಮಿ ಕಾರ್ಖಾನೆಯ ವಕೀಲರ ಕಡೆ ನೋಡಿದಳು. ಅವರು ಇದನ್ನು ಹೇಳಿಕೊಟ್ಟಿರಲಿಲ್ಲ. ಮ್ಯಾನೇಜರು ಎಲ್ಲರ ಮುಂದೆ ಬೈದು, ಅವಳನ್ನು ಅರ್ಧ ದಿನ ಹೊರಗೆ ನಿಲ್ಲಿಸಿದ್ದರು ಎಂದಳು. ಅದು ನಡೆದದ್ದು ಮುಚ್ಚಳ ತೆಗೆದ ಎರಡನೆಯ ದಿನ.

ತೀರ್ಪು ಬರಲು ಇನ್ನೂ ಒಂದು ವರ್ಷ ಬೇಕಾಯಿತು. ಶ್ರೀಲಕ್ಷ್ಮಿಯವರು ತಮ್ಮ ಕೋಣೆಯಲ್ಲಿ ಅದನ್ನು ತೆಲುಗಿನಲ್ಲಿ ಓದಿ ಹೇಳಿದರು. ವಿಚಾರಣೆ ಸರಿಯಾಗಿ ನಡೆದಿಲ್ಲ, ಯಂತ್ರ ನಿಲ್ಲಿಸುವ ಅಧಿಕಾರ ಈ ಕೆಲಸಗಾರ್ತಿಗೆ ಇರಲಿಲ್ಲ, ಅಪಘಾತದ ಹೊಣೆ ಇವಳದಲ್ಲ, ಕೆಲಸದಿಂದ ತೆಗೆದದ್ದು ತಪ್ಪು. ಆದರೆ ಆ ಹೊತ್ತಿಗೆ ಕಾರ್ಖಾನೆಯವರು ಆ ವಿಭಾಗವನ್ನೇ ಮುಚ್ಚಿ ಬೇರೆ ಜಿಲ್ಲೆಗೆ ಒಯ್ದಿದ್ದರಿಂದ ಹೋಗಿ ಸೇರಲು ಕೆಲಸ ಉಳಿದಿರಲಿಲ್ಲ, ಪರಿಹಾರ ಕೊಡಬೇಕೆಂದಿತ್ತು.

ಹೊಣೆ ಇವಳದಲ್ಲ ಎಂಬ ಸಾಲನ್ನು ಶಿವದೇವಿ ಮತ್ತೊಮ್ಮೆ ಓದಿಸಿದಳು. ಆರು ವರ್ಷ ಕಾದದ್ದು ಅದೊಂದಕ್ಕೇ. ಕಿವಿಗೆ ಬಿದ್ದಾಗ ಒಳಗೆ ಏನೂ ಆಗಲಿಲ್ಲ. ಜಡ್ಜ್ ಸಾಹೇಬರಿಗೆ ಹೀಗೆ ಅನ್ನಿಸಿರಬಹುದು, ರಶ್ಮಿಗೆ ಅನ್ನಿಸಿರುತ್ತದೆಯೇ ಎಂದು ಕೇಳಿದಳು. ಶ್ರೀಲಕ್ಷ್ಮಿಯವರು, ಆ ಪ್ರಶ್ನೆ ತೆಗೆದುಕೊಳ್ಳುವ ಕೋರ್ಟು ಇಲ್ಲಮ್ಮ ಎಂದರು.

ಕಾರ್ಖಾನೆಯವರು ಹೈಕೋರ್ಟಿಗೆ ಹೋದರು. ಪರಿಹಾರಕ್ಕೆ ತಡೆ ಬಿತ್ತು. ವಿಭಾಗ ಮುಚ್ಚಿದಾಗ ರಶ್ಮಿಯ ಗೇಟಿನ ಕೆಲಸವೂ ಹೋಯಿತೆಂದು ಯಾರೋ ಹೇಳಿದರು. ಶಿವದೇವಿ ಎರಡು ಸಲ ಫೋನ್ ಮಾಡಿದಳು. ಆ ನಂಬರು ಈಗ ಇಲ್ಲ. ಹೈಕೋರ್ಟಿನ ವಕಾಲತ್‌ನಾಮಕ್ಕೆ ಸಹಿ ಮಾಡಿ ಬಂದ ದಿನವೂ ಅವಳು ನೇರವಾಗಿ ಹಾಸ್ಟೆಲಿಗೇ ಹೋದಳು. ಹಿಟ್ಟು ನಾದಿಟ್ಟಿದ್ದರು. ಸೆರಗು ಸಿಕ್ಕಿಸಿಕೊಂಡು ಲಟ್ಟಿಸಲು ಕೂತಳು.