ಅಕ್ಷರ ನಿಲ್ಲುವಷ್ಟು ಹೊತ್ತು

ಬೆಳಗಿನ ಆರೂಕಾಲು. ಕೋಳಿಕ್ಕೋಡಿನ ಕಲ್ಲಾಯಿಯಲ್ಲಿ, ಅಚ್ಯುತನ್ ಮಾಷ್ ಅವರ ಮಂಚದ ಪಕ್ಕ ನೆಲದ ಮೇಲೆ ಕೂತ ರಮ್ಲತ್ ಲ್ಯಾಪ್‌ಟಾಪಿನ ಮೇಲೆ ಬಗ್ಗಿದ್ದಾರೆ. ಮಾಷ್ ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು. ಸ್ನಾಯುಗಳು ಒಂದೊಂದಾಗಿ ಸೋತು, ಈಗ ಉಳಿದಿರುವುದು ಕಣ್ಣು ಮತ್ತು ಎಡಗೆನ್ನೆಯ ಒಂದು ಸಣ್ಣ ಮಿಡಿತ. ಪರದೆಯಲ್ಲಿ ಅಕ್ಷರಗಳು ಒಂದಾದ ಮೇಲೊಂದು ಬೆಳಗುತ್ತವೆ. ಬೇಕಾದದ್ದು ಬಂದಾಗ ಕೆನ್ನೆ ಆಡಿಸಿದರೆ ಅಲ್ಲಿ ಅಂಟಿಸಿದ ಗುಂಡಿ ಅದನ್ನು ಹಿಡಿಯುತ್ತದೆ. ಹಾಗೆ ಕೂಡಿದ ಮಾತನ್ನು ಯಂತ್ರ ಗಟ್ಟಿಯಾಗಿ ಓದುತ್ತದೆ. ನಿನ್ನೆ ಮಧ್ಯಾಹ್ನದಿಂದ ಅಕ್ಷರಗಳು ಕೆನ್ನೆಗೆ ಸಿಗದಂತೆ ಓಡುತ್ತಿವೆ.

ಒಂಬತ್ತಕ್ಕೆ ಡಾಕ್ಟರ್ ಬರುತ್ತಾರೆ. ಗಂಟಲಿಗೆ ಉಸಿರಿನ ಕೊಳವೆ ಹಾಕಬೇಕೋ ಬೇಡವೋ ಇವತ್ತೇ ತೀರ್ಮಾನ. ಹೌದು, ಇಲ್ಲ ಎಂದು ಮಾಷ್ ಕಣ್ಣಲ್ಲೇ ಹೇಳಬಲ್ಲರು. ಆದರೆ ತಾವೇ ಏನಾದರೂ ಕೇಳಬೇಕೆಂದರೆ ಕಣ್ಣು ಸಾಲದು.

ಪಕ್ಕದ ಮನೆಯ ಸನೂಪ್ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಾನೆ. ಬ್ಯಾಂಕ್ ನೌಕರ, ಒಳ್ಳೆಯ ಮನುಷ್ಯ. ಯಂತ್ರ ನಿಧಾನವಾಗಿದೆಯೆಂದು ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿಕೊಟ್ಟದ್ದು ಅವನೇ.

"ಫೋಟೋ, ಬರಹ ಎಲ್ಲಾ ಎತ್ತಿಟ್ಟಿದ್ದೆ ಅಕ್ಕಾ. ಪ್ರೋಗ್ರಾಮ್ ಕೂಡ ಹಳೇದನ್ನೇ ಹಾಕಿದೀನಿ."

"ಸೋಫಾ ಹೊತ್ಕೊಂಡು ಬಂದು ಬೀಗದ ಕೈ ಹಳೇ ಮನೇಲೇ ಬಿಟ್ಟಿದೀಯ ಮಾರಾಯ," ಎನ್ನುತ್ತಾರೆ ರಮ್ಲತ್, ತಲೆ ಎತ್ತದೆ. ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದ ನನ್ನತ್ತ ತಿರುಗಿ, "ಒಂದೊಂದು ಕಂಪ್ಯೂಟರ್ರೂ ಸೆಟ್ಟಿಂಗನ್ನ ಒಂದೊಂದು ಕಡೆ ಬಚ್ಚಿಡತ್ತೆ. ವಿಂಡೋಸಲ್ಲಿ ರಿಜಿಸ್ಟ್ರಿ ಅಂತ, ಎಲ್ಲಾ ಪ್ರೋಗ್ರಾಮಿನ ಸೆಟ್ಟಿಂಗಿಗೂ ಒಂದೇ ಉಗ್ರಾಣ. ಮ್ಯಾಕಲ್ಲಿ ಲೈಬ್ರರಿ ಅಂತ ಬೇರೆ ಗೂಡು. ಲಿನಕ್ಸಲ್ಲಿ ಹೆಸರಿನ ಮುಂದೆ ಒಂದು ಚುಕ್ಕಿ ಇಟ್ರೆ ಸಾಕು, ಫೈಲು ಕಣ್ಣಿಗೇ ಬೀಳಲ್ಲ. ಕಾಣದೇ ಇರೋದನ್ನ ಯಾರು ತಾನೇ ಎತ್ತಿಡ್ತಾರೆ?"

ನಲವತ್ತೊಂದರ ರಮ್ಲತ್ ಮೊದಲು ಬಟ್ಟೆ ಹೊಲಿಯುತ್ತಿದ್ದವರು. ಹಾಸಿಗೆ ಹಿಡಿದ ಅಪ್ಪನ ಆರೈಕೆಗೆಂದು ಉಪಶಮನ ಕೇಂದ್ರದ ಸಹಾಯ ಬೇಡಿ ಹೋದರು. ಅಪ್ಪ ಹೋದ ಮೇಲೂ ಅಲ್ಲೇ ಉಳಿದರು. ಈಗ ನಲವತ್ತಮೂರು ರೋಗಿಗಳ ಯಂತ್ರಗಳು ಅವರ ಕೈಯಲ್ಲಿ, ಎಲ್ಲವೂ ಯಾರೋ ದಾನ ಕೊಟ್ಟವು. ವಾರಕ್ಕೆ ಎಂಟು ಮನೆ, ಎಲ್ಲಾ ಬಸ್ಸಿನಲ್ಲೇ.

"ಐದು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿದೀನಿ. ಹನ್ನೊಂದು ದಿನ ಒಬ್ರು ಮಾತಿಲ್ಲದೆ ಮಲಗಿದ್ರು," ಎನ್ನುವಾಗ ಅವರ ದನಿ ಇಳಿಯುತ್ತದೆ. ಅಂದಿನಿಂದ ದರ್ಜಿಯ ಅಳತೆ ಪುಸ್ತಕದಲ್ಲೇ ಪ್ರತಿಯೊಬ್ಬರ ಸೆಟ್ಟಿಂಗ್ ಬರೆದಿಡುತ್ತಾರೆ. ಮಾಷ್ ಅವರ ಪುಟದಲ್ಲಿದೆ: ಒಂದು ಅಕ್ಷರ ನಿಲ್ಲಬೇಕಾದ ಹೊತ್ತು, ಒಂದೂವರೆ ಸೆಕೆಂಡು.

ಅದನ್ನೇ ಕೊಡುತ್ತಾರೆ. ಕೆನ್ನೆ ಆಡುವಷ್ಟರಲ್ಲಿ ಅಕ್ಷರ ದಾಟಿಹೋಗುತ್ತದೆ. ಇನ್ನೊಮ್ಮೆಯೂ ಅಷ್ಟೇ. ಆಗ ತಾರೀಖು ನೋಡುತ್ತಾರೆ. ಬರೆದದ್ದು ನಾಲ್ಕು ತಿಂಗಳ ಹಿಂದೆ.

"ಆಮೇಲೆ ಯಾರಾದ್ರೂ ಹೆಚ್ಚು ಮಾಡಿದ್ರಾ ಚೇಚಿ?"

"ಎರಡು ಸಲ ನಾನೇ ಮಾಡಿದ್ದೆ," ಎನ್ನುತ್ತಾರೆ ಮಾಷ್ ಅವರ ಹೆಂಡತಿ ದೇವಯಾನಿ. "ಎಷ್ಟು ಅಂತ ನೋಡ್ಲಿಲ್ಲ ಕಣೇ. ನೋಡೋಕೆ ಭಯ. ಅಂಕಿ ಏರಿದ್ರೆ ಕೆನ್ನೆ ಸೋತ ಹಾಗಲ್ವಾ."

ಒಂದು ಪಾಯಿಂಟ್ ಏಳು. ಆಗಲಿಲ್ಲ. ಒಂದು ಪಾಯಿಂಟ್ ಒಂಬತ್ತು. ಮಾಷ್ ಹಣೆಯಲ್ಲಿ ಬೆವರು. ಪ್ರತಿ ಪ್ರಯತ್ನವೂ ಆ ಕೆನ್ನೆಯ ಬಲ ತಿನ್ನುತ್ತದೆ. ಕೆನ್ನೆ ದಣಿದರೆ ಇವತ್ತಿಗೆ ಮುಗಿಯಿತು. ರಮ್ಲತ್ ಅರ್ಧ ಗಂಟೆ ಎಲ್ಲ ನಿಲ್ಲಿಸಿ ಅವರ ಕೆನ್ನೆಗೆ ಬಿಸಿ ಬಟ್ಟೆ ಒತ್ತುತ್ತಾರೆ.

ಎಂಟಕ್ಕೆ ಮತ್ತೆ ಶುರು. ಎರಡು ಪಾಯಿಂಟ್ ಮೂರು. ಒಂದು ಅಕ್ಷರ ಸಿಕ್ಕಿತು. ಇನ್ನೊಂದು. ಬಹಳ ಹೊತ್ತಾದ ಮೇಲೆ ಯಂತ್ರ ಹೇಳುತ್ತದೆ: "ದೇವಯಾನಿ, ಇವಳಿಗೆ ಚಾಯ ಕೊಟ್ಯಾ?"

ದೇವಯಾನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡುತ್ತಾರೆ.

"ಎಷ್ಟು?" ಯಂತ್ರ ಕೇಳುತ್ತದೆ.

"ಹಳೇದೇ ಮಾಷೇ. ಒಂದೂವರೆ."

ಮಾಷ್ ಕಣ್ಣು ಅವರನ್ನು ಬಿಡುವುದಿಲ್ಲ. ಅಕ್ಷರಕ್ಕೆ ಅಕ್ಷರ ಕೂಡುತ್ತದೆ. "ಮಕ್ಕಳ ಸುಳ್ಳು ಕೇಳಿ ಕೇಳಿ ರಿಟೈರಾದೋನು ನಾನು, ಮಗಳೇ."

ರಮ್ಲತ್ ನಗಲಾರದೆ ನಕ್ಕು ಪುಸ್ತಕ ಅವರತ್ತ ತಿರುಗಿಸಿ ಹಿಡಿಯುತ್ತಾರೆ, ಅವರ ಕಣ್ಣೆದುರೇ ಹೊಸ ಅಂಕಿ ಬರೆಯುತ್ತಾರೆ.

ನಾವು ಚಪ್ಪಲಿ ಮೆಟ್ಟುವಾಗ ಡಾಕ್ಟರ್ ಒಳಗೆ ಹೋಗಿ ಕೂತಿದ್ದಾರೆ. ಯಂತ್ರದ ದನಿ ಜಗಲಿಯವರೆಗೆ ಕೇಳುತ್ತದೆ: "ಕೊಳವೆ ಹಾಕಿದ ಮೇಲೂ ಕೆನ್ನೆ ಆಡುತ್ತಾ?"

ಉತ್ತರ ಕೇಳಿಸಿಕೊಳ್ಳಲು ರಮ್ಲತ್ ನಿಲ್ಲುವುದಿಲ್ಲ. ಬಸ್ ಸ್ಟಾಪಿನಲ್ಲಿ, ನಿಮಗೇನು ಆಸೆ ಎಂದು ಕೇಳಿದೆ.

"ಮುಂದಿನ ತಿಂಗಳು ಬಂದಾಗ್ಲೂ ಎರಡು ಪಾಯಿಂಟ್ ಮೂರೇ ಇರ್ಲಿ," ಎಂದರು. "ಅಷ್ಟೇ."