ಹೊನ್ನತ್ತೆಯ ಮರದ ಮೆಟ್ಟು

ಜನ ಬ್ಯಾರನ್ನಿನಲ್ಲಿ ತಂಬಾಕು ಬೇಯಿಸುತ್ತಾರೆ. ನಾನು ಮೆಟ್ಟು ಬೇಯಿಸಿದೆ. ಅದೂ ಎಂಥದ್ದು, ಹಾಲೆಂಡಿನಿಂದ ಬಂದ ಮರದ ಮೆಟ್ಟು. ಯಾರದ್ದು, ನಮ್ಮ ಹೊನ್ನತ್ತೆಯದು. ಅರಕಲಗೂಡು ಕಡೆ ನನ್ನ ಗೆಳೆಯ ಮಂಜನದೊಂದು ಬ್ಯಾರನ್ ಇದೆ. ಹೊರಗಿನ ಒಲೆಗೆ ಸೌದೆ ತುರುಕಿದರೆ ಒಳಗೆ ದಪ್ಪ ಕೊಳವೆಗಳು ಕಾದು, ಹಸಿರು ಎಲೆ ಚಿನ್ನದ ಬಣ್ಣಕ್ಕೆ ತಿರುಗುವ ಕೋಣೆ. ಎಲೆಯನ್ನೇ ಚಿನ್ನ ಮಾಡುವ ಶಾಖ ನೆನೆದ ಮರಕ್ಕೇನು ಮಾಡೀತು ಎಂದು ಜೋಡಿಯನ್ನು ಕೊಳವೆ ಪಕ್ಕ ಇಟ್ಟು ಟೀ ಕುಡಿಯಲು ಹೋದೆ. ವಾಪಸ್ ಬಂದಾಗ ಎಡಗಾಲಿನದು ಬಿರುಕು ಬಿಟ್ಟಿತ್ತು. ನನ್ನ ಕಣ್ಣಿಗೆ ಅದು ಹೇಮಾವತಿ ಕಟ್ಟೆ ಒಡೆದಂತೆ ಕಂಡಿತು. ನೆರಳಲ್ಲಿ ನಿಧಾನಕ್ಕೆ ಒಣಗಿಸಬೇಕು, ಶಾಖ ತಾಕಬಾರದು ಎಂಬ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿ ಕೇಳಿ ಕನ್ನಡದಲ್ಲಿ ಹೇಳಿದ್ದವನು ನಾನೇ. ಎರಡು ಭಾಷೆಯಲ್ಲಿ ತಿಳಿದಿದ್ದೂ ಒಂದರಲ್ಲೂ ಪಾಲಿಸದವನು ಹೊಳೆನರಸೀಪುರ ತಾಲ್ಲೂಕಿನಲ್ಲಿ ಇನ್ನೊಬ್ಬ ಸಿಗಲಾರ.

ಹೊನ್ನತ್ತೆ ನಮ್ಮಪ್ಪನ ಅಕ್ಕ. ಗಂಡ ತೀರಿದ ಮೇಲೆ ನಮ್ಮ ಕೇರಿಯಲ್ಲೇ ಒಂದು ಸೀಮೆಹಸು ಕಟ್ಟಿಕೊಂಡು, ಗೋಡೆಗೊಂದು ಬುದ್ಧನ ಪಟ ಹಾಕಿಕೊಂಡು, ಆಲೂಗಡ್ಡೆ ಹೊಲಗಳಲ್ಲಿ ಕೂಲಿ ಮಾಡಿ ಬದುಕಿದವಳು. ಕುಳ್ಳಗೆ, ಕಡ್ಡಿಯಂತೆ ನೆಟ್ಟಗೆ. ಯಾರೇ ಎದುರಾದರೂ ಅವಳು ಮೊದಲು ನೋಡುತ್ತಿದ್ದದ್ದು ಕಾಲನ್ನು. "ಮಕ ಸುಳ್ಳೇಳ್ತದೆ ಕಣ್ಲಾ, ಕಾಲು ಏಳಲ್ಲ" ಎನ್ನುತ್ತಿದ್ದಳು. ನಾನು ಬಿ.ಎ. ಪಾಸಾಗಿ ಆಶೀರ್ವಾದಕ್ಕೆ ಬಗ್ಗಿದಾಗಲೂ ನನ್ನ ಪಾದವನ್ನೇ ನೋಡಿ, "ಇದು ಗದ್ದೆಗಿಳಿಯೋ ಕಾಲಲ್ಲ, ಆಪೀಸಿನ ಮೆಟ್ಲತ್ತೋ ಕಾಲೂ ಅಲ್ಲ. ಟೀ ಅಂಗ್ಡಿ ಮುಂದೆ ಅಲ್ಲಾಡ್ಸೋ ಕಾಲು" ಎಂದಳು. ಇವತ್ತಿಗೂ ಆ ಮಾತನ್ನು ಸುಳ್ಳು ಮಾಡಲು ನನ್ನಿಂದ ಆಗಿಲ್ಲ.

ಮೆಟ್ಟು ಬಂದ ಕಥೆಯೂ ನನ್ನ ಪಾಪದಿಂದಲೇ ಶುರು. ನನಗೆ ಇಂಗ್ಲಿಷ್ ಬರುತ್ತದೆಂದು ಊರೆಲ್ಲ ನಾನೇ ಸುದ್ದಿ ಹಬ್ಬಿಸಿದ್ದೆ. ಬಿತ್ತನೆ ಆಲೂಗಡ್ಡೆಯ ಹೊಸ ತಳಿ ನೋಡಲು ಹಾಲೆಂಡಿನ ಒಬ್ಬ ಸಾಹೇಬರು ಮೇಲಿನ ಬೀದಿಯ ದೊಡ್ಡಗೌಡರ ಹೊಲಕ್ಕೆ ಬಂದಾಗ ನನ್ನನ್ನು ಹಿಡಿದು ದುಭಾಷಿ ಮಾಡಿದರು. ಸಾಹೇಬರು ಕಾರಿನ ಡಿಕ್ಕಿ ತೆಗೆದು, ಬೂಟು ಬಿಚ್ಚಿ, ದೋಣಿಯಂತೆ ಮೂತಿ ಎತ್ತಿದ ಮರದ ಮೆಟ್ಟು ಹಾಕಿಕೊಂಡು ಕೆಸರಿಗಿಳಿದರು. ಕೂಲಿಯವರೆಲ್ಲ ನಕ್ಕರು. ಹೊನ್ನತ್ತೆ ನಗಲಿಲ್ಲ. ಗುದ್ದಲಿ ಊರಿ ನಿಂತು, "ಅದೇನಂತೆ ಕೇಳ್ಲಾ" ಎಂದಳು.

ಕೇಳಿದೆ. ಅವರು ಒಂದು ಕಾಲು ಗಂಟೆ ಹೇಳಿದರು, ನನಗೆ ಅರ್ಧ ಅರ್ಥವಾಯಿತು. ಅವರ ದೇಶದ ಹೊಲಗಳು ಸಮುದ್ರಕ್ಕಿಂತ ತಗ್ಗಿನಲ್ಲಿವೆಯಂತೆ. ಸದಾ ತೇವ. ಚರ್ಮದ ಚಪ್ಪಲಿ ಕೊಳೆಯುತ್ತದೆ, ಬರಿಗಾಲು ಮರಗಟ್ಟುತ್ತದೆ. ಅದಕ್ಕೇ ನೀರಂಚಿನಲ್ಲಿ ಬೆಳೆಯುವ ಮರವನ್ನು ಹಸಿಯಲ್ಲೇ ಕೆತ್ತಿ, ಎರಡು ಕಾಲಿಗೂ ಒಂದೇ ಮರದ್ದು ಮಾಡಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಒಳಗೆ ಹುಲ್ಲು ತುಂಬಿದರೆ ಬೆಚ್ಚಗೆ. ಹಸು ತುಳಿದರೂ, ಗುದ್ದಲಿ ಬಿದ್ದರೂ ಬೆರಳಿಗೆ ಏನೂ ಆಗದು. ಬಿರಿದರೆ ತಂತಿಯೋ ತಗಡೋ ಸುತ್ತಿ ಮತ್ತೆ ಮೆಟ್ಟುತ್ತಿದ್ದರು. ಹಬ್ಬಕ್ಕೆ ಬಣ್ಣದ್ದು ಬೇರೆ. ಕೆಲವು ಕಡೆ ಮದುವೆ ಗೊತ್ತಾದ ಹುಡುಗ ಹುಡುಗಿಗಾಗಿ ತಾನೇ ಹೂವು ಕೆತ್ತಿ ಕೊಡುತ್ತಿದ್ದನಂತೆ. ಮೆಟ್ಟುತ್ತಿದ್ದವರು ಹೊಲದವರು, ಮೀನಿನವರು, ಕೂಲಿಯವರು. ಪಟ್ಟಣದವರು ಅದರ ಸದ್ದು ಕೇಳಿ ಮೂಗು ಮುರಿಯುತ್ತಿದ್ದರು. ಈಗ ಅದೇ ಪಟ್ಟಣದ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಮಾರುತ್ತಾರೆ. "ನಮ್ಮಜ್ಜಿ ಸಾಯೋವರೆಗೂ ಮೆಟ್ಟಿದಳು" ಎಂದರು ಸಾಹೇಬರು.

ಗೌಡರ ಮನೆಯವರಿಗೆಂದು ಅವರು ಚಿಕ್ಕದೊಂದು ಜೋಡಿ ತಂದಿದ್ದರು. ದೊಡ್ಡಗೌಡರು ಅದನ್ನು ಮುಟ್ಟಲಿಲ್ಲ. "ಮರದ ಪಾದುಕೆ ಅಂದ್ರೆ ನಮ್ಮಲ್ಲಿ ಸ್ವಾಮಿಗೋಳು ಮೆಟ್ಟೋದು. ಕೂಲಿಯೋರ ಕೆರವ ನಮ್ಮನೆಗೆ ತಂದವ್ನೆ ಈವಯ್ಯ. ಬ್ಯಾಡ ಅನ್ನು" ಎಂದರು. ಗೌಡರಿಗೆ ಕಾಲುನೋವು ಎಂದು ಅನುವಾದಿಸಿದೆ. ಸಾಹೇಬರು ಆ ಜೋಡಿಯನ್ನು ಹೊನ್ನತ್ತೆಯ ಮುಂದಿಟ್ಟರು.

ಅವಳು ಕಾಲಿಡುವ ಮುಂಚೆ ಒಂದೇ ಪ್ರಶ್ನೆ ಕೇಳಿದಳು. "ಅವ್ರಜ್ಜಿ ಇದ್ನ ಎಲ್ಲಿ ಬಿಚ್ತಿದ್ಲಂತೆ?"

ವಿಚಿತ್ರ ಪ್ರಶ್ನೆ ಎನಿಸಿದರೂ ಕೇಳಿದೆ. ಸಾಹೇಬರು, "ಮನೆ ಬಾಗಿಲಲ್ಲಿ. ಒಳಗೆ ಕೆಸರು ಬರಬಾರದಲ್ಲ" ಎಂದರು.

"ಯಾರ ಮನೆ ಬಾಗ್ಲು?"

"ಅವಳ ಮನೇದೇ."

ಹೊನ್ನತ್ತೆ ತಲೆಯಾಡಿಸಿ ಮೆಟ್ಟಿಕೊಂಡಳು.

ಆ ಪ್ರಶ್ನೆಯ ಬೇರು ಮೇಲಿನ ಬೀದಿಯಲ್ಲಿತ್ತು. ನಮ್ಮ ಕೇರಿಯಿಂದ ಹಾಲಿನ ಡೈರಿಗೆ ಹೋಗಲು ಅದೊಂದೇ ದಾರಿ. ಹಿಂದೆ ನಮ್ಮವರು ಅಲ್ಲಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಈಗ ಬಿಚ್ಚಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಗೌಡರ ಜಗಲಿ ಹತ್ತಿರ ಬಂದಂತೆ ಕಾಲು ತಾನಾಗಿ ಚಪ್ಪಲಿ ಬಿಚ್ಚಿಕೊಂಡುಬಿಡುತ್ತದೆ. ಹೊನ್ನತ್ತೆಯ ಗಂಡ ಮದುವೆಯ ಹೊಸ ಚಪ್ಪಲಿಯನ್ನು ಆ ಬೀದಿಯಲ್ಲಿ ಕಂಕುಳಲ್ಲಿಟ್ಟುಕೊಂಡು ನಡೆದಿದ್ದನಂತೆ. ಅಂದಿನಿಂದ ಅವಳು ಚಪ್ಪಲಿಯನ್ನೇ ಹಾಕಿರಲಿಲ್ಲ. "ಅಲ್ಲಿ ಬಿಚ್ಬೇಕು ಅನ್ನೋದಾದ್ರೆ ನನ್ಗೆ ಅದು ಬ್ಯಾಡವೇ ಬ್ಯಾಡ" ಎಂದು ನಲವತ್ತು ಮಳೆಗಾಲ ಬರಿಗಾಲಲ್ಲಿ ಕಳೆದವಳು.

ಹದಿನೈದು ದಿನ ಮರದ ಮೆಟ್ಟಿನಲ್ಲಿ ಹೊಲ ತುಳಿದು ಕಾಲು ಪಳಗಿಸಿಕೊಂಡಳು. ಒಳಗೆ ಭತ್ತದ ಹುಲ್ಲು ತುಂಬಿಕೊಂಡಳು. ಆಮೇಲೆ ಒಂದು ದಿನ ಅವನ್ನು ಕಾಲುವೆಯಲ್ಲಿ ತೊಳೆದು ನನ್ನ ಕೈಗಿಟ್ಟು, "ನೆಳ್ಳಲ್ಲಿ ಒಣಗ್ಸು. ಸೋಮ್ವಾರ ಡೈರಿಗೆ ಇದ್ರಲ್ಲೇ ಓಯ್ತೀನಿ" ಎಂದಳು. ಸೋಮವಾರಕ್ಕೆ ಎರಡೇ ದಿನ. ಬೇಗ ಒಣಗಿಸಿ ಭೇಷ್ ಅನ್ನಿಸಿಕೊಳ್ಳೋಣವೆಂದು ನಾನು ಬ್ಯಾರನ್ ಹುಡುಕಿಕೊಂಡು ಹೋದದ್ದು ಆಗಲೇ.

ಬಿರುಕು ಬಿಟ್ಟದ್ದನ್ನು ಟವೆಲ್ಲಿನಲ್ಲಿ ಸುತ್ತಿ, ಸತ್ತ ಕೋಳಿಮರಿ ತರುವವನಂತೆ ತಂದು ಅವಳ ಮುಂದೆ ಇಟ್ಟೆ. ಬೈಗುಳಕ್ಕೆ ಕಿವಿ ಮುಚ್ಚಲು ಎರಡು ಕೈಯೂ ಸಿದ್ಧವಾಗಿದ್ದವು. ಅವಳು ಬೆರಳಿಂದ ಬಿರುಕು ಸವರಿ, "ನಿನ್ನ ಬುದ್ದೀನೂ ಒಸಿ ಬ್ಯಾರನ್ನಿಗೆ ಆಕಿದ್ರೆ ಅದವಾಗಿ ಬರ್ತಿತ್ತು" ಎಂದಳು. ಅಷ್ಟೇ. ಮಾರನೇ ದಿನ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ ಬಂದಳು. ಎರಡೂ ಮೆಟ್ಟಿಗೆ ಸುತ್ತ ಕಬ್ಬಿಣದ ಪಟ್ಟಿ, ಅಡಿಗೆ ಎತ್ತಿನ ಲಾಳದಂಥ ತಗಡು. ಒಡೆದದ್ದು ಒಂದು, ಪಟ್ಟಿ ಎರಡಕ್ಕೂ ಏಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು ಹೊರಟಳು. ಮೇಲಿನ ಬೀದಿಗೆ ಕಾಂಕ್ರೀಟ್ ಹಾಕಿದ್ದಾರೆ. ಟಕ್, ಟಣ್. ಟಕ್, ಟಣ್. ಜಗಲಿಗಳ ಮೇಲೆ ಪೇಪರ್ ಕೆಳಗಿಳಿದವು. ನಾನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಹಿಂದೆ ನಡೆದೆ.

"ಏನಮ್ಮ ಒನ್ನಿ, ಕುದ್ರೆ ಬಂದಂಗೆ ಬತ್ತಾ ಇದೀಯ" ಎಂದರು ದೊಡ್ಡಗೌಡರು.

"ಕುದ್ರೆ ಅಲ್ಲ ಕಣ ಗೌಡ್ರೆ, ನಾನೇಯ."

"ಬೀದಿ ತುಂಬ ಗಲಾಟೆ ಆಯ್ತದೆ. ಬಿಚ್ಚಿ ಕೈಲಿಡ್ಕೊಂಡು ಓಗು."

ಹೊನ್ನತ್ತೆ ಕ್ಯಾನ್ ಕೆಳಗಿಟ್ಟಳು. ಓಡಲು ಸರಿಯಾದ ಸಂದಿ ಎಲ್ಲಿದೆ ಎಂದು ನಾನು ಹುಡುಕಿದೆ. "ನನ್ನ ಮನೆ ಬಾಗ್ಲಲ್ಲಿ ಬಿಚ್ತೀನಿ" ಎಂದಳು. "ಅಲ್ಲೀಗಂಟ ಬಿಚ್ಚಕಿಲ್ಲ." ಕ್ಯಾನ್ ಎತ್ತಿಕೊಂಡು ನಡೆದಳು. ಟಕ್, ಟಣ್.

ಡೈರಿ ಮುಂದೆ ನಿಂತು ಅವಳು ತಿರುಗಿ ಎಂದಿನಂತೆ ನನ್ನ ಕಾಲು ನೋಡಿದಳು. ಆಮೇಲೆ ಕೈ ನೋಡಿದಳು. ಬಲಗೈಯಲ್ಲಿ ಮೊಬೈಲ್ ಇತ್ತು. ಎಡಗೈಯಲ್ಲಿ ನನ್ನ ಚಪ್ಪಲಿ ಇತ್ತು. ಯಾವಾಗ ಬಿಚ್ಚಿದೆನೋ ದೇವರಾಣೆಗೂ ಗೊತ್ತಿಲ್ಲ. ಬಿ.ಎ. ಓದಿದ್ದು ತಲೆ ಮಾತ್ರ, ಕಾಲನ್ನು ಯಾವ ಕಾಲೇಜೂ ಸೇರಿಸಿಕೊಂಡಿರಲಿಲ್ಲ.

"ಕೈಗ್ಯಾಕ್ಲಾ ಚಪ್ಲಿ? ಕೈಯಲ್ಲಿ ನಡೀತೀಯಾ?"

ಡೈರಿಯವನು ನಕ್ಕ. ನಾನು ಚಪ್ಪಲಿ ಹಾಕಿಕೊಂಡೆ. ವಾಪಸ್ ಬರುವಾಗ ಅವಳು ನನ್ನನ್ನು ಮುಂದೆ ಬಿಟ್ಟುಕೊಂಡು ಬಂದಳು, ಕರು ಹೊಡೆದುಕೊಂಡು ಬಂದಂತೆ.

ಆ ವರ್ಷ ಮೇಲಿನ ಬೀದಿಯ ಯಾರೂ ಅವಳನ್ನು ಆಲೂಗಡ್ಡೆ ಕೀಳಲು ಕರೆಯಲಿಲ್ಲ. ಅವಳು ಗೂಡ್ಸ್ ಆಟೋ ಹತ್ತಿ ಚನ್ನರಾಯಪಟ್ಟಣ ಕಡೆ ಶುಂಠಿ ಹೊಲಕ್ಕೆ ಹೋದಳು. ನಮ್ಮಪ್ಪ ಅಂಗಲಾಚಿದ: "ಅಕ್ಕಾ, ರಬ್ಬರ್ ಚಪ್ಲಿ ತಂದ್ಕೊಡ್ತೀನಿ, ಅದ್ನ ಮೆಟ್ಕೊಂಡೋಗು. ಸದ್ದೂ ಇರಲ್ಲ, ರಗಳೇನೂ ಇರಲ್ಲ." ಅವಳು, "ರಬ್ಬರ್ ಕದ್ದು ಓಯ್ತದೆ ಕಣ, ಇದು ಬಂದೆ ಅಂತ ಏಳಿ ಓಯ್ತದೆ" ಎಂದಳು. ಮರುವರ್ಷ ಆಳು ಸಾಲದೆ ಗೌಡರ ಮಗನೇ ಬಂದು ಕರೆದ. ಹೋದಳು, ಮೆಟ್ಟಿಕೊಂಡೇ ಹೋದಳು. ಅಷ್ಟರಲ್ಲಿ ಕೇರಿಯ ಹುಡುಗಿಯರು ಶೂ ಹಾಕಿಕೊಂಡು ಆ ಬೀದಿಯಲ್ಲಿ ಕಾಲೇಜು ಬಸ್ಸಿಗೆ ಓಡುತ್ತಿದ್ದರು. ಹಿಂದೆ ತಿರುಗಿಯೂ ನೋಡುತ್ತಿರಲಿಲ್ಲ.

ಹೋದ ಚಳಿಗಾಲ ಹೊನ್ನತ್ತೆ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಮೆಟ್ಟು ಅವಳ ಮನೆ ಬಾಗಿಲಲ್ಲಿ, ಅವಳು ಬಿಚ್ಚಿದ ಜಾಗದಲ್ಲೇ ಉಳಿದವು. ಎಲ್ಲರೂ ಅತ್ತು ಮುಗಿಸಿದ ಮೇಲೂ ನನಗೆ ಬ್ಯಾರನ್ ಚುಚ್ಚುತ್ತಿತ್ತು. ನನ್ನ ಪೆದ್ದುತನದಿಂದ ಆ ಮುದುಕಿ ಅಷ್ಟು ವರ್ಷ ಕಬ್ಬಿಣದ ಭಾರ ಹೊತ್ತು ನಡೆದಳಲ್ಲ ಎಂದು. ಜೋಡಿಯನ್ನು ಚೀಲಕ್ಕೆ ಹಾಕಿಕೊಂಡು ಅವತ್ತು ಅವಳಿಗೆ ಪಟ್ಟಿ ಹಾಕಿಕೊಟ್ಟಿದ್ದ ಹೊಳೆನರಸೀಪುರದ ವೆಲ್ಡಿಂಗ್ ಅಂಗಡಿಯ ಪುಟ್ಟಸ್ವಾಮಾಚಾರರ ಹತ್ತಿರ ಹೋದೆ. ಪಟ್ಟಿ, ತಗಡು ಎಲ್ಲ ತೆಗೆದು, ಸಾಹೇಬರು ಕೊಟ್ಟಾಗ ಹೇಗಿತ್ತೋ ಹಾಗೆ ಮಾಡಿಕೊಡಿ, ನಾನು ಒಡೆದುಹಾಕಿದ್ದು ಎಂದೆ.

ಆಚಾರರು ಎಡಗಾಲಿನದನ್ನು ತಿರುಗಿಸಿ ನೋಡಿ ನಕ್ಕರು.

"ನೀನೇನಾ ಆ ಬ್ಯಾರನ್ ಗಿರಾಕಿ? ಇದು ಕೂದಲೆಳೆ ಬಿರುಕು ಕಣಪ್ಪ, ಮರದ ಅಂಟು ತುಂಬಿದ್ರೆ ಮುಗೀತಿತ್ತು. ಅಂಗಂತ ನಾನೂ ಅಂದೆ. ಪಟ್ಟಿ ಬೇಕೇ ಬೇಕು, ಎರಡಕ್ಕೂ ಬೇಕು ಅಂದ್ಲು. ಸರಿ, ಅಡೀಗೆ ಟೈರು ಕುಯ್ದು ಬಡೀತೀನಿ, ಸದ್ದು ಬರಲ್ಲ ಅಂದೆ. ಅದಕ್ಕೆ ಏನಂದ್ಲು ಗೊತ್ತಾ? 'ಸದ್ದಿಲ್ದಂಗೆ ಓಗೋದಾಗಿದ್ರೆ ಬರಿಗಾಲಲ್ಲೇ ಓಯ್ತಿದ್ದೆ ಕಣಪ್ಪ, ತಗಡೇ ಬಡಿ' ಅಂದ್ಲು."